ಹಂಚಿದರೆ ಉಳಿಯುವ ಹವಳ

ಪ್ರತಿ ವರ್ಷ ಪೋಷಕರ ಸಭೆಯ ದಿನ, ಅಂಕಪಟ್ಟಿಗೆ ಸಹಿ ಹಾಕಿ ಏಳುವ ಹೊತ್ತಿಗೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಟೀಚರ್, ನಿಮ್ಮ ಮನೆಯಲ್ಲಿ ಸಮುದ್ರದ ಅಕ್ವೇರಿಯಂ ಇದೆಯಂತಲ್ಲ! ನಮ್ಮ ಮಗನೂ ನೀಮೋ ಮೀನು ಬೇಕೆಂದು ಹಟ ಹಿಡಿದಿದ್ದಾನೆ. ಹುಟ್ಟುಹಬ್ಬಕ್ಕೆ ಒಂದು ಕೊಡಿಸೋಣ ಅಂತಿದ್ದೇವೆ. ಎಷ್ಟಾಗಬಹುದು?" ಇದಕ್ಕೆ ನಾನು ಕೊಡುವ ಉತ್ತರ ಅವರಿಗೆ ರುಚಿಸುವುದಿಲ್ಲ. "ದಯವಿಟ್ಟು ಕೊಡಿಸಬೇಡಿ" ಎನ್ನುತ್ತೇನೆ. ಅವರ ಮುಖ ಸಪ್ಪಗಾಗುವುದರೊಳಗೆ, "ಶುಕ್ರವಾರ ಬೆಳಿಗ್ಗೆ ಮಗನನ್ನು ನಮ್ಮ ಮನೆಗೆ ಕಳುಹಿಸಿ" ಎಂದೂ ಹೇಳುತ್ತೇನೆ. ಬೇಡ ಎನ್ನುವುದೂ ನಾನೇ, ಬನ್ನಿ ಎನ್ನುವುದೂ ನಾನೇ. ಇದೆಂಥ ಮಾತು ಎಂದು ಕೆಲವರಿಗೆ ಅನಿಸಿರಬಹುದು. ಪ್ರಿಯ ವಿದ್ಯಾರ್ಥಿಗಳೇ ಹಾಗೂ ಪೋಷಕರೇ, ಆ ಎರಡು ಮಾತುಗಳ ಅರ್ಥವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ನಾನು ಹುಟ್ಟಿ ಬೆಳೆದದ್ದು ಉತ್ತರ ಕನ್ನಡದ ಕರಾವಳಿಯಲ್ಲಿ. ಸಮುದ್ರ ನನಗೆ ಹೊಸದಲ್ಲ. ಆದರೆ ಹವಳ ಎಂದರೆ ನನಗೆ ಗೊತ್ತಿದ್ದದ್ದು ಅಜ್ಜಿಯ ಕರಿಮಣಿ ಸರದಲ್ಲಿದ್ದ ಎರಡು ಕೆಂಪು ಮಣಿಗಳು ಮಾತ್ರ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಬಹುದಾದ ನೇತ್ರಾಣಿ ದ್ವೀಪದ ಸುತ್ತ ಜೀವಂತ ಹವಳಗಳಿವೆ ಎಂಬ ಸಂಗತಿ ನನಗೆ ತಿಳಿದದ್ದು ಮಸ್ಕತ್‌ಗೆ ಬಂದ ಮೇಲೆ! ಅಂಗೈಯಲ್ಲಿದ್ದ ಬೆಣ್ಣೆ ಕಾಣದೆ ಊರೆಲ್ಲ ತುಪ್ಪ ಹುಡುಕಿದ ಕಥೆ ನನ್ನದು.

ಮೊದಲು ಹವಳ ಎಂದರೇನು ಎಂಬುದನ್ನು ಮಕ್ಕಳಿಗಾಗಿ ಎರಡು ಮಾತುಗಳಲ್ಲಿ ಹೇಳಿಬಿಡುತ್ತೇನೆ. ಹವಳ ಕಲ್ಲಲ್ಲ, ಗಿಡವೂ ಅಲ್ಲ. ಅದು ಪ್ರಾಣಿ. ಪಾಲಿಪ್ ಎಂಬ ಪುಟ್ಟ ಜೀವಿಗಳು ಸಾವಿರಾರು ಸಂಖ್ಯೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ಬಾಳುವ ಒಟ್ಟು ಕುಟುಂಬವೇ ಹವಳ. ಸಮುದ್ರದ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಹೀರಿ ಸುಣ್ಣದ ಗೂಡು ಕಟ್ಟುವವು ಕಲ್ಲುಹವಳಗಳು. ಅಂಥ ಗಟ್ಟಿ ಗೂಡಿಲ್ಲದವು ಮೆದುಹವಳಗಳು. ಹೆಚ್ಚಿನ ಬಂಡೆಹವಳಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸಿಸುತ್ತದೆ. ಪಾಚಿ ಬಿಸಿಲಿನಿಂದ ಅಡುಗೆ ಮಾಡಿ ಹವಳಕ್ಕೆ ಬಡಿಸುತ್ತದೆ. ಹವಳ ಪಾಚಿಗೆ ಮನೆ ಕೊಡುತ್ತದೆ. ನೀರಿನ ಬಿಸಿ ಬೇಸಿಗೆಯ ವಾಡಿಕೆಗಿಂತ ಒಂದು ಡಿಗ್ರಿ ಏರಿ ಕೆಲವು ವಾರ ಹಾಗೆಯೇ ನಿಂತರೂ ಸಾಕು, ಈ ಸಂಸಾರ ಮುರಿಯುತ್ತದೆ. ಪಾಚಿ ಹೊರಬೀಳುತ್ತದೆ, ಹವಳ ಬಿಳುಚಿಕೊಳ್ಳುತ್ತದೆ, ಬಹು ದಿನ ಹಾಗೇ ಇದ್ದರೆ ಹಸಿವಿನಿಂದ ಸಾಯುತ್ತದೆ. ಸಮುದ್ರತಳದಲ್ಲಿ ಹವಳದ ಬಂಡೆಗಳು ಆವರಿಸಿರುವುದು ಶೇಕಡ 1ಕ್ಕಿಂತಲೂ ಕಡಿಮೆ ಜಾಗವನ್ನು. ಆದರೆ ಕಡಲಿನ ಜೀವಜಾತಿಗಳಲ್ಲಿ ಸುಮಾರು ಕಾಲು ಭಾಗಕ್ಕೆ ಅವೇ ಆಸರೆ.

ಇನ್ನು ನನ್ನ ಮನೆಗೆ ಈ ಅಕ್ವೇರಿಯಂ ಬಂದ ಬಗೆ. ನಾವಿದ್ದ ಕಟ್ಟಡದಲ್ಲಿ ನೆರೆಮನೆಯವರು ಕೇರಳದ ಒಬ್ಬ ಹಿರಿಯ ಇಂಜಿನಿಯರ್. ಅವರ ಹಜಾರದಲ್ಲಿ 200 ಲೀಟರಿನ ಗಾಜಿನ ತೊಟ್ಟಿ. ಒಳಗೆ ನೀಲಿ ಬೆಳಕು, ಗಾಳಿಗೆ ತೂಗುವ ಹೂವಿನಂತೆ ಹವಳಗಳು, ಎರಡು ಕೋಡಂಗಿ ಮೀನುಗಳು. 2017ರಲ್ಲಿ ಅವರು ನಿವೃತ್ತರಾಗಿ ಊರಿಗೆ ಹೊರಟರು. ಗಲ್ಫ್‌ನಲ್ಲಿರುವ ನಮಗೆಲ್ಲ ಇದು ಗೊತ್ತಿರುವ ದೃಶ್ಯವೇ. ಸೋಫಾ ಒಬ್ಬರಿಗೆ, ಫ್ರಿಜ್ ಇನ್ನೊಬ್ಬರಿಗೆ, ಕಾರು ಮತ್ತೊಬ್ಬರಿಗೆ. ತೊಟ್ಟಿಗೆ ಒಳ್ಳೆಯ ಬೆಲೆ ಕೊಡುವವರು ಇದ್ದರು. ಆದರೆ ಅವರು ನನ್ನನ್ನು ಕರೆದು, "ಇದನ್ನು ನಿಮಗೆ ಸುಮ್ಮನೆ ಕೊಡುತ್ತೇನೆ, ಒಂದು ಷರತ್ತು. ಇನ್ನು ಮೂರು ತಿಂಗಳು ಪ್ರತಿ ಶುಕ್ರವಾರ ಬಂದು ಕೆಲಸ ಮಾಡಿ. ನಡುವೆ ಒಂದು ವಾರ ತಪ್ಪಿದರೂ ತೊಟ್ಟಿ ಬೇರೆಯವರಿಗೆ" ಎಂದರು. ಶಿಕ್ಷಕಿಯಾದ ನನಗೇ ಪರೀಕ್ಷೆ!

ಕೆಲಸ ಎಂದರೆ ಏನು? ಪ್ರತಿ ವಾರ ಹತ್ತನೇ ಒಂದು ಭಾಗ, ಅಂದರೆ 20 ಲೀಟರ್ ನೀರು ತೆಗೆದು ಹೊಸದು ಹಾಕಬೇಕು. ನಲ್ಲಿಯ ನೀರು ಆಗದು. ಶುದ್ಧೀಕರಿಸಿದ ನೀರಿಗೆ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಸಮುದ್ರದ ಉಪ್ಪು ಬೆರೆಸಿ ಒಂದು ರಾತ್ರಿ ತಿರುಗಲು ಬಿಡಬೇಕು. ಅಂದರೆ ವಾರಕ್ಕೆ 700 ಗ್ರಾಂ ಉಪ್ಪು. ಅಡುಗೆ ಉಪ್ಪಲ್ಲ, ಕ್ಯಾಲ್ಸಿಯಂ, ಮೆಗ್ನೀಸಿಯಂ ಮುಂತಾದವೆಲ್ಲ ಸೇರಿದ ಉಪ್ಪು. ತೊಟ್ಟಿಯ ನೀರಿನ ಬಿಸಿ 25 ಡಿಗ್ರಿಯ ಆಸುಪಾಸಿನಲ್ಲೇ ಇರಬೇಕು. ನಮ್ಮ ಊರಿನ ಚಳಿಗಾಲದಲ್ಲಿ ಸರಿ. ಮಸ್ಕತ್ತಿನ ಜೂನ್‌ನಲ್ಲಿ ಅದಕ್ಕೆ ಚಿಲ್ಲರ್ ಎಂಬ ತಂಪುಯಂತ್ರ ಹಗಲು ರಾತ್ರಿ ದುಡಿಯಬೇಕು. ಸ್ಕಿಮ್ಮರ್ ಎಂಬ ಇನ್ನೊಂದು ಯಂತ್ರ ಮಜ್ಜಿಗೆ ಕಡೆದಂತೆ ನೀರನ್ನು ಕಡೆದು, ಕೊಳೆಯನ್ನು ನೊರೆಯ ಜತೆ ಮೇಲೆತ್ತುತ್ತದೆ. ಆ ನೊರೆಯ ಬಟ್ಟಲನ್ನು ತೊಳೆಯುವುದು ನನ್ನ ಮೊದಲ ಪಾಠ. ಅದರ ವಾಸನೆಯನ್ನು ಇಲ್ಲಿ ವರ್ಣಿಸುವುದು ಬೇಡ.

ಒಂದು ಶುಕ್ರವಾರ ಅವರು ಕೇಳಿದರು: "ತೊಟ್ಟಿಯ ನೀರು ದಿನಕ್ಕೆ ಎರಡು ಲೀಟರ್ ಆವಿಯಾಗಿ ಇಳಿಯುತ್ತದೆ. ಅದನ್ನು ಉಪ್ಪುನೀರಿನಿಂದ ತುಂಬಬೇಕೋ, ಸಿಹಿನೀರಿನಿಂದಲೋ?" ಸಮುದ್ರದ ತೊಟ್ಟಿಯಲ್ಲವೇ, ಉಪ್ಪುನೀರು ಎಂದೆ. ಅವರು ನಕ್ಕರು. ಆವಿಯಾಗುವುದು ನೀರು ಮಾತ್ರ. ಉಪ್ಪು ಅಲ್ಲೇ ಉಳಿಯುತ್ತದೆ. ಉಪ್ಪುನೀರು ತುಂಬುತ್ತಾ ಹೋದರೆ ಕೆಲವೇ ವಾರಗಳಲ್ಲಿ ತೊಟ್ಟಿ ಉಪ್ಪಿನಕಾಯಿ ಭರಣಿಯಾಗುತ್ತದೆ. ಐದನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಓದಿದ್ದ ಸಂಗತಿಯೇ. ಆದರೆ ಅದು ನನಗೆ ನಿಜವಾಗಿ ಅರ್ಥವಾದದ್ದು ಅಂದು, ಕೈಯಲ್ಲಿ ಬಕೆಟ್ ಹಿಡಿದು ನಿಂತಾಗ.

ಮೂರು ತಿಂಗಳು ಮುಗಿದ ಮೇಲೆ ತೊಟ್ಟಿ ನಮ್ಮ ಮನೆಗೆ ಬಂತು. ಜತೆಗೆ ಅವರ ಲೆಕ್ಕದ ಪುಸ್ತಕವೂ ಬಂತು. ಹೊರಡುವ ದಿನ ಅವರು ಹೇಳಿದ ಮಾತು: "ಹವಳ ಬೆಳೆದಾಗ ತುಂಡು ಮಾಡಿ ಹಂಚಿ. ಒಂದೇ ಮನೆಯಲ್ಲಿ ಇಡಬೇಡಿ." ಅದೇನೂ ವಿಚಿತ್ರವಲ್ಲ. ನಮ್ಮಜ್ಜಿ ದಾಸವಾಳದ ಗೆಲ್ಲನ್ನು ಬೇಲಿಯಾಚೆ ಕೊಡುತ್ತಿದ್ದರಲ್ಲ, ಹಾಗೆಯೇ. ಮೆದುಹವಳದ ಒಂದು ಚೂರನ್ನು ಕತ್ತರಿಸಿ ಕಲ್ಲಿನ ಮೇಲೆ ಕೂರಿಸಿದರೆ ಕೆಲವೇ ವಾರಗಳಲ್ಲಿ ಅದು ಹಿಡಿದುಕೊಂಡು ಬೆಳೆಯತೊಡಗುತ್ತದೆ. ಹವ್ಯಾಸಿಗಳು ಇದನ್ನು ಫ್ರಾಗ್ ಎನ್ನುತ್ತಾರೆ. ನಾನು ಗೆಲ್ಲು ಎಂದೇ ಕರೆಯುತ್ತೇನೆ.

ಅವರ ಮಾತನ್ನು ನಾನು ಅರ್ಧ ಮಾತ್ರ ಪಾಲಿಸಿದೆ. ಆ ಅರ್ಧದ ಕಥೆಯೇ ಈ ಲೇಖನ ಬರೆಯಲು ಕಾರಣ.

ಗೆಲ್ಲುಗಳನ್ನು ಹಂಚಿದೆ, ನಿಜ. ರೂವಿಯಲ್ಲಿರುವ ಒಬ್ಬ ತಮಿಳು ಸಹೋದ್ಯೋಗಿಗೆ, ಗೋವಾದ ಒಂದು ಕುಟುಂಬಕ್ಕೆ, ಸೀಬ್‌ನ ಒಬ್ಬ ಒಮಾನಿ ತರುಣನಿಗೆ ಕೊಟ್ಟೆ. ಆದರೆ ಕೆಲಸವನ್ನು ಯಾರಿಗೂ ಹಂಚಲಿಲ್ಲ. "ಮಕ್ಕಳಿಗೆ ಇದು ತಿಳಿಯುವುದಿಲ್ಲ, ಮುಟ್ಟಿದರೆ ಹಾಳು" ಎಂಬ ಜಂಬ. ನೋಡಲು ಬಂದ ವಿದ್ಯಾರ್ಥಿಗಳಿಗೆ ಕೈಕಟ್ಟಿ ನಿಲ್ಲಲು ಹೇಳುತ್ತಿದ್ದೆ.

2022ರ ಜೂನ್‌ನಲ್ಲಿ ಬೇಸಿಗೆ ರಜೆಗೆ ಐದು ವಾರ ಊರಿಗೆ ಹೋದೆವು. ಮನೆಯ ಕೀಲಿಯನ್ನು ಕೆಳಗಿನ ಮಹಡಿಯ ನನ್ನ ವಿದ್ಯಾರ್ಥಿಯೊಬ್ಬನಿಗೆ ಕೊಟ್ಟೆ. ಆಗ ಅವನು ಎಂಟನೇ ತರಗತಿ. "ದಿನ ಬಿಟ್ಟು ದಿನ ಎರಡು ಚಿಟಿಕೆ ಆಹಾರ ಹಾಕು, ನೀರಿನ ಡಬ್ಬಿ ತುಂಬಿಸು, ಬೇರೇನೂ ಮುಟ್ಟಬೇಡ" ಎಂದೆ. ಅಷ್ಟೇ ಪಾಠ. ನಾಲ್ಕನೇ ವಾರ ಊರಿನಲ್ಲಿ ನಮ್ಮ ಸಂಬಂಧಿಕರ ಮದುವೆಯ ಗದ್ದಲ. ಹುಡುಗ ಫೋನ್ ಮಾಡಿದ: "ಟೀಚರ್, ಮೀನುಗಳಿಗೆ ತುಂಬಾ ಹಸಿವು ಅಂತ ಕಾಣುತ್ತೆ. ಮೇಲೇ ಬಂದು ಬಾಯಿ ತೆರೀತಾ ಇವೆ." ವಾಲಗದ ಸದ್ದಿನಲ್ಲಿ ನಾನು ಹೇಳಿದೆ: "ಹಾಗಾದರೆ ಇನ್ನೊಂದು ಚಿಟಿಕೆ ಹಾಕು."

ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆಯುವ ಮೀನಿಗೆ ಹಸಿವಾಗಿರುವುದಿಲ್ಲ, ಉಸಿರು ಕಟ್ಟಿರುತ್ತದೆ. ಇದು ನನಗೆ ಗೊತ್ತಿತ್ತು. ಹುಡುಗನಿಗೆ ಗೊತ್ತಿರಲಿಲ್ಲ, ಏಕೆಂದರೆ ನಾನು ಹೇಳಿಕೊಟ್ಟಿರಲಿಲ್ಲ. ಹಜಾರದ ಎ.ಸಿ. ಮತ್ತು ಚಿಲ್ಲರ್ ಎರಡೂ ಇದ್ದ ಲೈನಿನ ಬ್ರೇಕರ್ ಬಿದ್ದುಹೋಗಿತ್ತು. ಪಂಪು, ದೀಪಗಳು ಬೇರೆ ಲೈನಿನಲ್ಲಿದ್ದುದರಿಂದ ನೋಡುವವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಮನೆ ಕಾದಿತ್ತು, ಯಾರೂ ಇಲ್ಲದ ಮನೆಯಲ್ಲಿ ಎ.ಸಿ. ಆರಿಸಿ ಹೋಗಿದ್ದಾರೆ ಎಂದು ಅವನು ತಿಳಿದುಕೊಂಡಿದ್ದ. ಅದೂ ಸಹಜವೇ. ಬಿಸಿನೀರಿನಲ್ಲಿ ಕರಗುವ ಆಮ್ಲಜನಕ ಕಡಿಮೆ. ಅದರ ಮೇಲೆ ನಾನು ಹಾಕಿಸಿದ ಹೆಚ್ಚಿನ ಆಹಾರ ಕೊಳೆತು ಅಮೋನಿಯಾ ಆಯಿತು. ಮೂರನೇ ದಿನ ಅವನು ಬಾಗಿಲು ತೆರೆದಾಗ ನೀರು ಹಾಲಿನಂತೆ ಬೆಳ್ಳಗಾಗಿತ್ತು. ತಾಪಮಾಪಕದಲ್ಲಿ 36 ಡಿಗ್ರಿ. ಐದು ವರ್ಷ ನಮ್ಮ ಜತೆಗಿದ್ದ, ಅದಕ್ಕೂ ಮೊದಲು ಆ ಹಿರಿಯರ ಮನೆಯಲ್ಲಿದ್ದ ಎರಡು ಮೀನುಗಳೂ ಹೋಗಿದ್ದವು. ಒಂದು ಹವಳವೂ ಉಳಿದಿರಲಿಲ್ಲ.

ನಾವು ಮರಳಿ ಬಂದ ರಾತ್ರಿ ಹುಡುಗ ಕೀಲಿ ಕೊಡಲು ಬಂದ. ಬಾಗಿಲ ಹೊರಗೇ ನಿಂತು, "ನಾನೇ ಸಾಯಿಸಿದೆ ಟೀಚರ್" ಎಂದು ಅತ್ತ. ಹನ್ನೆರಡು ಹದಿಮೂರು ವರ್ಷದ ಮಗು ಹಾಗೆ ಹೇಳಿದ್ದನ್ನು ಕೇಳಿ ನನಗಾದ ನಾಚಿಕೆ ಇಂದಿಗೂ ಹೋಗಿಲ್ಲ. ಅವನನ್ನು ಒಳಗೆ ಕೂರಿಸಿ, ಯಾವುದು ಹೇಗಾಯಿತು ಎಂದು ಕಾಗದದ ಮೇಲೆ ಬರೆದು ತೋರಿಸಿದೆ. ಕೊನೆಯ ಸಾಲಿನಲ್ಲಿ, ತಪ್ಪು ಟೀಚರದ್ದು ಎಂದು ಬರೆದೆ. ಅವನಿಗೆ ನಾನು ಕೀಲಿ ಕೊಟ್ಟಿದ್ದೆ, ತಿಳಿವಳಿಕೆ ಕೊಟ್ಟಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆಯನ್ನು ತರಗತಿಯಲ್ಲಿ ಎಷ್ಟು ಬಾರಿ ವಿಸ್ತರಿಸಿ ಬರೆಸಿದ್ದೇನೋ! (ಆ ಹುಡುಗನನ್ನೂ ಅವನ ತಂದೆತಾಯಿಯರನ್ನೂ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.)

ಆಮೇಲೆ ನಡೆದದ್ದು ಇಷ್ಟು. ತೊಟ್ಟಿ ತೊಳೆದು, ಹೊಸ ನೀರು ತುಂಬಿ, ಖಾಲಿಯಾಗಿಯೇ ಆರು ವಾರ ಓಡಿಸಿದೆವು. ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಬದಲಿಸುವ ಸೂಕ್ಷ್ಮಜೀವಿಗಳು ಕಲ್ಲಿನಲ್ಲಿ ನೆಲೆಯೂರುವವರೆಗೆ ಜೀವವಿರುವ ಯಾವುದನ್ನೂ ಒಳಗೆ ಬಿಡುವಂತಿಲ್ಲ. ಏಳನೇ ವಾರ ಸೀಬ್‌ನ ತರುಣ ಒಂದು ಪ್ಲಾಸ್ಟಿಕ್ ಡಬ್ಬಿ ಹಿಡಿದು ಬಂದ. ಒಳಗೆ ಮಗುವಿನ ಅಂಗೈಯಷ್ಟು ದೊಡ್ಡ ಮೆದುಹವಳ. ಅದು ನಾನು ಕೊಟ್ಟಿದ್ದ ಗೆಲ್ಲಿನ ಗೆಲ್ಲು. ಅಂದರೆ ಆ ಹಿರಿಯರು ಬೆಳೆಸಿದ್ದ ಹವಳವೇ. ರೂವಿಯಿಂದ ಇನ್ನೊಂದು ಬಗೆ ಬಂತು, ಗೋವಾದ ಮನೆಯವರಿಂದ ಮತ್ತೆರಡು. ನನ್ನ ಮನೆಯಲ್ಲಿ ನಾನು ಜೋಪಾನವಾಗಿ ಇಟ್ಟುಕೊಂಡದ್ದೆಲ್ಲ ಸತ್ತಿತ್ತು, ಕೊಟ್ಟದ್ದೆಲ್ಲ ಬದುಕಿತ್ತು. ದಾನದ ಬಗ್ಗೆ ಸರ್ವಜ್ಞನ ವಚನಗಳನ್ನು ಪಾಠ ಮಾಡುವಾಗ ಇಂದು ನನ್ನ ದನಿ ಸ್ವಲ್ಪ ಬದಲಾಗಿದೆ ಎಂದು ಮಕ್ಕಳೇ ಹೇಳುತ್ತಾರೆ.

ಈ ಬಾರಿ ಮೊದಲ ದಿನದಿಂದಲೇ ಕೆಲಸ ನನ್ನದು ಮತ್ತು ಆ ಹುಡುಗನದು. ಅವನೀಗ ಹನ್ನೊಂದನೇ ತರಗತಿ. ಶುಕ್ರವಾರದ ಲೆಕ್ಕವನ್ನು ಕನ್ನಡದಲ್ಲೇ ಬರೆಯಬೇಕು ಎಂಬುದು ನನ್ನ ಷರತ್ತು. ತಾಪಮಾನ ಇಷ್ಟು, ಉಪ್ಪು ಇಷ್ಟು, ನೀರು ಬದಲಿಸಿದೆ, ಗಾಜು ಒರೆಸಿದೆ. ಮೊದಲ ಆರು ತಿಂಗಳು ಪ್ರತಿ ಪುಟದಲ್ಲೂ ಹವಳ "ಹವಲ"ವಾಗಿತ್ತು. ಈಗ ಆಗುವುದಿಲ್ಲ. ನನ್ನ ನಂತರ ಬಂದ ಐದು ರಜೆಗಳಲ್ಲಿ ತೊಟ್ಟಿಯನ್ನು ಕಾದವನು ಅವನೇ. ಒಮ್ಮೆ ಮಧ್ಯಾಹ್ನ ಫೋನ್ ಮಾಡಿ, "ಟೀಚರ್, 28 ಡಿಗ್ರಿ ಆಗಿದೆ. ಫ್ಯಾನ್ ಹಾಕಿದ್ದೇನೆ, ಆಹಾರ ನಿಲ್ಲಿಸಿದ್ದೇನೆ, ಎ.ಸಿ.ಯವರನ್ನು ಕರೆಸಿದ್ದೇನೆ" ಎಂದ. ನಾನು ಹೇಳಲು ಏನೂ ಉಳಿದಿರಲಿಲ್ಲ.

ಹವ್ಯಾಸವನ್ನು ಹಂಚಿಕೊಳ್ಳಬೇಕು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಏನನ್ನು ಹಂಚುತ್ತೇವೆ ಎಂಬುದು ಮುಖ್ಯ ಎಂಬುದೇ ನನ್ನ ಅಭಿಪ್ರಾಯ. ಆಸೆಯನ್ನು ಮಾತ್ರ ಹಂಚಿದರೆ ಕೇಡು. ಅದಕ್ಕೊಂದು ಹಳೆಯ ಉದಾಹರಣೆ ಇದೆ. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಅಕ್ವೇರಿಯಂ ಆರಂಭವಾಯಿತು. ಮರುವರ್ಷ, 1854ರಲ್ಲಿ, ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿತಜ್ಞರು 'ದಿ ಅಕ್ವೇರಿಯಂ' ಎಂಬ ಪುಸ್ತಕ ಬರೆದರು. ಚೆಂದದ ಬಣ್ಣದ ಚಿತ್ರಗಳಿದ್ದ ಆ ಪುಸ್ತಕ ಓದಿ ಜನ ಮರುಳಾದರು. ಬುಟ್ಟಿ, ಉಳಿ, ಸುತ್ತಿಗೆ ಹಿಡಿದು ಸಮುದ್ರತೀರಕ್ಕೆ ಧಾವಿಸಿದರು. ಕಲ್ಲುಹೊಂಡಗಳಲ್ಲಿದ್ದ ಕಡಲ ಹೂಗಳನ್ನೆಲ್ಲ ಕಿತ್ತು ಮನೆಗೆ ಒಯ್ದರು. ಹೆಚ್ಚಿನವು ಕೆಲವೇ ದಿನಗಳಲ್ಲಿ ಸತ್ತವು. ತಾನು ಪ್ರೀತಿಸಿದ ತೀರ ತನ್ನ ಪುಸ್ತಕದಿಂದಲೇ ಬರಿದಾದದ್ದು ಗಾಸ್ ಅವರಿಗೆ ದೊಡ್ಡ ನೋವಾಯಿತು ಎಂದು ಅವರ ಮಗ ಎಡ್ಮಂಡ್ ಗಾಸ್ 1907ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. 2003ರಲ್ಲಿ 'ಫೈಂಡಿಂಗ್ ನೀಮೋ' ಚಲನಚಿತ್ರ ಬಂದಾಗಿನಿಂದ ನಮ್ಮ ಮಕ್ಕಳಿಗೆ ಹತ್ತಿರುವ ಆಸೆಯೂ ಇದೇ ಜಾತಿಯದು. ಸೆರೆಯಿಂದ ಸಮುದ್ರಕ್ಕೆ ಮರಳುವ ಮೀನಿನ ಕಥೆಯನ್ನು ನೋಡಿ, ಅದೇ ಮೀನನ್ನು ಮನೆಗೆ ತರಬೇಕೆಂದು ಹಟ ಹಿಡಿಯುತ್ತೇವಲ್ಲ!

ಕೆಲಸವನ್ನು, ವಿಧಾನವನ್ನು ಹಂಚಿದರೆ ಆಗುವುದೇ ಬೇರೆ. ಜಕಾರ್ತದ ಲೀ ಚಿನ್ ಎಂಗ್ ಎಂಬುವರು ದುಬಾರಿ ಯಂತ್ರಗಳಿಲ್ಲದೆ, ಜೀವವಿರುವ ಕಡಲಕಲ್ಲು ಮತ್ತು ಗಾಳಿಗುಳ್ಳೆಗಳ ಸಹಾಯದಿಂದಲೇ ಸಮುದ್ರದ ತೊಟ್ಟಿಯನ್ನು ನಡೆಸುವ ರೀತಿಯನ್ನು ಕಂಡುಕೊಂಡು, 1961ರಲ್ಲಿ ಪತ್ರಿಕೆಯೊಂದರಲ್ಲಿ ಎಲ್ಲರಿಗೂ ತಿಳಿಸಿದರು. ಅವರು ಗುಟ್ಟು ಮಾಡಬಹುದಿತ್ತು, ಮಾಡಲಿಲ್ಲ. ಇಂದು ಕೋಡಂಗಿ ಮೀನುಗಳು ತೊಟ್ಟಿಗಳಲ್ಲೇ ಮೊಟ್ಟೆಯಿಟ್ಟು ಮರಿ ಮಾಡುತ್ತವೆ. 2016ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ನೀಲಿ ಟ್ಯಾಂಗ್ ಮೀನಿನ ಮರಿಗಳನ್ನೂ ಬೆಳೆಸಿದರು. ಹಾಗೆ ಸಾಕಿದ ಮೀನು ಸಿಗುವಾಗ, ಸಮುದ್ರದಿಂದ ಹಿಡಿದ ಮೀನು ಏಕೆ ಬೇಕು? ಫಿಲಿಪೈನ್ಸ್, ಇಂಡೋನೇಷ್ಯಾಗಳ ಕಡಲಿನಲ್ಲಿ ಮೀನುಗಳಿಗೆ ಮಂಪರು ಬರಿಸಲು ಹವಳದ ಬಂಡೆಗಳ ಮೇಲೆ ಸಯನೈಡ್ ವಿಷ ಚಿಮ್ಮಿಸಿ ಹಿಡಿದ ಕಾಲವೂ ಇತ್ತು. ಅಂಗಡಿಯವರನ್ನು "ಇದು ಎಲ್ಲಿಂದ ಬಂದದ್ದು?" ಎಂದು ಕೇಳುವುದು ಗಿರಾಕಿಯ ಕರ್ತವ್ಯ.

ಇಲ್ಲಿ ಕೆಲವು ಪೋಷಕರ ಆಕ್ಷೇಪಗಳಿಗೂ ಉತ್ತರಿಸಬೇಕು. "ಇಷ್ಟೊಂದು ಖರ್ಚು ಬೇಕೇ?" ಎಂದು ಕೇಳುತ್ತಾರೆ. ನಿಜ, ಇದು ಅಗ್ಗದ ಹವ್ಯಾಸವಲ್ಲ. ತೊಟ್ಟಿಯ ಬೆಲೆಗಿಂತ ಹೆಚ್ಚು ಉಪ್ಪು, ಬೆಳಕು, ಚಿಲ್ಲರ್, ವಿದ್ಯುತ್ತಿಗೆ ಆಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ. ಅದಕ್ಕೇ ಮನೆಗೊಂದು ತೊಟ್ಟಿ ಬೇಡ ಎನ್ನುತ್ತೇನೆ. "ಜೀವಿಗಳನ್ನು ಗಾಜಿನೊಳಗೆ ಕೂಡಿಹಾಕುವುದು ಪಾಪವಲ್ಲವೇ?" ಎಂದು ಕಳೆದ ವರ್ಷ ಒಬ್ಬ ತಾಯಿ ಕೇಳಿದರು. ಈ ಪ್ರಶ್ನೆಯನ್ನು ನಗುತ್ತಾ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನನ್ನ ಕೈಯಲ್ಲೇ ಒಂದು ತೊಟ್ಟಿಯ ಜೀವಗಳು ಹೋಗಿವೆ. ನಾನು ಹಾಕಿಕೊಂಡಿರುವ ನಿಯಮ ಇಷ್ಟೇ: ತೊಟ್ಟಿಯಲ್ಲಿ ಹುಟ್ಟಿದ ಮೀನು, ತೊಟ್ಟಿಯಲ್ಲಿ ಬೆಳೆದ ಹವಳದ ಗೆಲ್ಲು. ಸಮುದ್ರದಿಂದ ಏನನ್ನೂ ತರುವುದಿಲ್ಲ. ಈಜಲು ಬಯಲು ಬೇಕಾದ ದೊಡ್ಡ ಮೀನುಗಳನ್ನು ಇಡುವುದಿಲ್ಲ. ಆ ತಾಯಿಗೆ ಇದರಿಂದ ಪೂರ್ತಿ ಸಮಾಧಾನವಾಗಿಲ್ಲ, ನನಗೂ ಆಗಿಲ್ಲ. ಆದರೆ ಆ ಪ್ರಶ್ನೆ ಮನಸ್ಸಿನಲ್ಲಿ ಇರುವವರೇ ತೊಟ್ಟಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂಬುದು ನನ್ನ ಅನುಭವ.

ಸಮುದ್ರದ ಹವಳಗಳಿಗೆ ಈಗ ಕಷ್ಟದ ಕಾಲ ಎಂಬುದನ್ನೂ ಮರೆಯಬಾರದು. 2017ರ ಬೇಸಿಗೆಯಲ್ಲಿ ಅಬುಧಾಬಿಯ ಕಡೆಯ ಕೊಲ್ಲಿಯ ನೀರು ಕಾದು, ಅಲ್ಲಿನ ಹವಳಗಳಲ್ಲಿ ಸುಮಾರು ಮೂರನೇ ಎರಡು ಭಾಗ ನಾಶವಾದವು. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಜಗತ್ತಿನಾದ್ಯಂತ ಹವಳಗಳು ಬಿಳುಚುತ್ತಿರುವುದನ್ನು ದೃಢಪಡಿಸಿದರು. ಅಂಥ ಜಾಗತಿಕ ಘಟನೆ ಅದು ನಾಲ್ಕನೆಯದು. ನನ್ನ ತೊಟ್ಟಿಯಲ್ಲಿ ಮೂರು ದಿನದಲ್ಲಿ ಆದದ್ದು ಕಡಲಿನಲ್ಲಿ ದೊಡ್ಡದಾಗಿ ಆಗುತ್ತಿದೆ. ತೊಟ್ಟಿಗೆ ಚಿಲ್ಲರ್ ಇಡಬಹುದು, ಕಡಲಿಗೆ ಇಡಲಾಗುವುದಿಲ್ಲ. ತಾಪಮಾಪಕವನ್ನು ದಿನಾ ನೋಡಿದ ಮಗುವಿಗೆ ಒಂದು ಡಿಗ್ರಿ ಎಂದರೇನು ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ನನ್ನ ಸಲಹೆಗಳು ಇವು. ಮೊದಲನೆಯದು, ನಲವತ್ತು ಮನೆಗಳಲ್ಲಿ ನಲವತ್ತು ತೊಟ್ಟಿಗಳ ಬದಲು ನಮ್ಮ ಶಾಲೆಯ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಒಂದೇ ಒಂದು ತೊಟ್ಟಿ ಇರಲಿ. ಸರದಿಯ ಪ್ರಕಾರ ಮಕ್ಕಳು ಕೆಲಸ ಮಾಡಲಿ; ರಜೆಯ ದಿನಗಳಿಗೆ ಇಲ್ಲೇ ಇರುವ ಕುಟುಂಬಗಳ ಪಟ್ಟಿ ಮಾಡೋಣ. ನಮ್ಮ ಮನೆಗಳಿಂದ ಗೆಲ್ಲುಗಳು ಉಚಿತವಾಗಿ ಬರುತ್ತವೆ. ಎರಡನೆಯದು, ಆದರೂ ಮನೆಯಲ್ಲೇ ಬೇಕು ಎನ್ನುವವರು ಮೊದಲು ಮೂರು ತಿಂಗಳು ಇನ್ನೊಬ್ಬರ ತೊಟ್ಟಿಯಲ್ಲಿ ದುಡಿಯಲಿ. ಆ ಮೇಲೂ ಆಸೆ ಉಳಿದರೆ ಅದು ನಿಜವಾದ ಆಸೆ. ಮೂರನೆಯದು ಸುರಕ್ಷತೆ. ಉಪ್ಪುನೀರು ಮತ್ತು ವಿದ್ಯುತ್ತಿನ ತಂತಿ ಹತ್ತಿರ ಇರುವಲ್ಲಿ ದೊಡ್ಡವರಿಲ್ಲದೆ ಮಕ್ಕಳು ಕೈ ಹಾಕಬಾರದು. ಝೋಯಾಂತಿಡ್ ಎಂಬ ಗುಂಡಿಯಾಕಾರದ ಕೆಲವು ಹವಳಜಾತಿಯ ಜೀವಿಗಳಲ್ಲಿ ತೀವ್ರ ವಿಷವಿರುತ್ತದೆ. ಅವನ್ನು ಬರಿಗೈಯಲ್ಲಿ ಮುಟ್ಟಬಾರದು, ಅವು ಬೆಳೆದ ಕಲ್ಲನ್ನು ಬಿಸಿನೀರಿನಲ್ಲಿ ಕುದಿಸಲೇಬಾರದು.

ನಾಲ್ಕನೆಯದು ನಮ್ಮೆಲ್ಲರಿಗೂ ಸಂಬಂಧಿಸಿದ್ದು. ವಿಹಾರಕ್ಕೆ ಹೋದಾಗ ಕಡಲತೀರದಿಂದ ಹವಳದ ತುಂಡನ್ನು ಚೀಲಕ್ಕೆ ಹಾಕಿಕೊಳ್ಳಬೇಡಿ. ಡೇಮಾನಿಯಾತ್ ದ್ವೀಪಗಳು 1996ರಿಂದ ಸಂರಕ್ಷಿತ ಪ್ರದೇಶ. ಭಾರತದಲ್ಲೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಹವಳಗಳಿಗೆ ರಕ್ಷಣೆ ಇದೆ. ಊರಿಗೆ ಒಯ್ಯುವ ಸೂಟ್‌ಕೇಸಿನಲ್ಲಿ ಅಂದಕ್ಕಾಗಿ ಇಟ್ಟ ತುಂಡು ಕಸ್ಟಮ್ಸ್‌ನಲ್ಲಿ ಪೇಚಿಗೆ ಸಿಕ್ಕಿಸಬಹುದು. ಹಾಗೆಯೇ, ಇಲ್ಲಿಂದ ಕೊನೆಯ ಬಾರಿಗೆ ಹೊರಡುವವರು ಸಾಕುಮೀನುಗಳನ್ನು ಪಾಪ ಎಂದು ಸಮುದ್ರಕ್ಕೆ ಬಿಡಬೇಡಿ. ಫ್ಲೋರಿಡಾದ ಕಡಲಿನಲ್ಲಿ 1985ರಲ್ಲಿ ಮೊದಲು ಕಂಡ ಸಿಂಹಮೀನು ಆ ಕಡಲಿನದಲ್ಲ. ಅಕ್ವೇರಿಯಂಗಳಿಂದ ಬಿಟ್ಟ ಮೀನುಗಳೇ ಅದಕ್ಕೆ ಮೂಲ ಎಂದು ತಜ್ಞರು ಹೇಳುತ್ತಾರೆ. ಅವು ಹೆಚ್ಚಿ ಕೆರಿಬಿಯನ್ ಉದ್ದಕ್ಕೂ ಅಲ್ಲಿನ ಮರಿಮೀನುಗಳನ್ನು ತಿಂದು ಹಾಕುತ್ತಿವೆ. ಹೊರಡುವಾಗ ಕೊಟ್ಟು ಹೋಗಿ, ಬಿಟ್ಟು ಹೋಗಬೇಡಿ.

ಕೊಟ್ಟು ಹೋಗುವುದು ಎಂದೆನಲ್ಲ, ಪರದೇಶದಲ್ಲಿರುವ ನಮಗೆ ಆ ಮಾತು ಹೆಚ್ಚು ಅನ್ವಯಿಸುತ್ತದೆ. ನಾವು ಯಾರೂ ಇಲ್ಲಿ ಶಾಶ್ವತವಲ್ಲ. ಒಂದು ದಿನ ನನ್ನ ಹಜಾರದ ಸೋಫಾವೂ ಬೇರೆಯವರ ಮನೆಗೆ ಹೋಗುತ್ತದೆ. ಆ ಹಿರಿಯರು ಈಗ ಊರಿನಲ್ಲಿದ್ದಾರೆ. ಕಳೆದ ತಿಂಗಳು ಅವರಿಗೆ ಹವಳದ ಒಂದು ಫೋಟೋ ಕಳುಹಿಸಿದೆ. "ಇದು ನನ್ನದಲ್ಲ, ನನ್ನದು ಇಷ್ಟು ದೊಡ್ಡದಿರಲಿಲ್ಲ" ಎಂದು ಉತ್ತರ ಬಂತು. ನಿಮ್ಮದೇ ಸಾರ್, ನಡುವೆ ಮೂರು ಮನೆ ಸುತ್ತಿ ಬಂದಿದೆ ಎಂದು ಬರೆದೆ.

ಈ ಶುಕ್ರವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ನೀರು ಬದಲಿಸುತ್ತೇವೆ. ಆರನೇ ತರಗತಿಯ ಇಬ್ಬರು ಹೊಸಬರು ಬರುವವರಿದ್ದಾರೆ. ಅವರಿಗೆ ಹೇಳಿಕೊಡುವವನು ಹನ್ನೊಂದನೇ ತರಗತಿಯ ಆ ಹುಡುಗ. ನಾನು ಚಹಾ ಮಾಡುತ್ತೇನೆ. ಇನ್ನೂ ಇಬ್ಬರಿಗೆ ಜಾಗವಿದೆ. ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ. ಮೊದಲ ದಿನ ನೊರೆಯ ಬಟ್ಟಲು ತೊಳೆಯುವ ಕೆಲಸ ಇರುತ್ತದೆ.



— ಕನ್ನಡ ಭಾಷಾ ಶಿಕ್ಷಕಿ, ಬಿ.ಎ., ಬಿ.ಎಡ್.